ಹಲೂಮಿಯ ಎಂಟು ತುಂಡು

ಎಲ್ಲವನ್ನೂ ಬರೆದಿಡುವವನಿಗೆ ತಪ್ಪಾಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ತಪ್ಪಾಗುತ್ತದೆ, ಯಾವ ವಾರ, ಎಷ್ಟು ಗಂಟೆಗೆ ಆಯಿತೆಂಬುದು ಮಾತ್ರ ಸರಿಯಾಗಿ ಗೊತ್ತಿರುತ್ತದೆ.

ಮಸ್ಕತ್ತಿನ ದಾರ್ಸೈಟ್‌ನ ಫ್ಲ್ಯಾಟಿನಲ್ಲಿ ನನ್ನ ಜತೆಗಿದ್ದವರು ಕಾರ್ಕಳದ ಸುಧಾಕರಣ್ಣ, ಲಾರಿ ಡ್ರೈವರ್. ಅವರ ಕಂಪನಿ ಮುಚ್ಚಿತು. ಇನ್ನೊಂದು ಕಂಪನಿ ಕರೆಯಿತು. ಆದರೆ ಮೆಡಿಕಲ್‌ನಲ್ಲಿ ಬಿ.ಪಿ. ಸರಿಯಿರಬೇಕು, ಇಲ್ಲದಿದ್ದರೆ ಊರಿನ ದಾರಿ. ಅವರ ಬಿ.ಪಿ.ಯೋ ಯಾವಾಗಲೂ ಟಾಪ್ ಗೇರಿನಲ್ಲಿ. ಡಾಕ್ಟರು ಮಾತ್ರೆ ಕೊಟ್ಟು ಉಪ್ಪು ಬಿಡಿಸಿದರು. ಅಡುಗೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿ.ಪಿ. ಅಳೆದು ಡೈರಿಯಲ್ಲಿ ಬರೆದೆ. ಉಪ್ಪಿಲ್ಲದ ದಿನ ಇಪ್ಪತ್ತು. "ಇದು ಗಂಜಿಯಾ, ಗೋಡೆಗೆ ಬಳಿಯುವುದಾ?" ಎಂದು ಅವರು ಕೇಳಿದ್ದು ಹದಿನೇಳು ಸಲ. ಅಂಕಿ ಮಾತ್ರ ಇಳಿಯುತ್ತಲೇ ಇತ್ತು.

ಮೆಡಿಕಲ್‌ನ ಹಿಂದಿನ ಸಂಜೆ, "ಮೀನು ಫ್ರೈ ತಿನ್ನದೆ ಸಾಯ್ತೇನೆ ಮಾರಾಯಾ" ಎಂದರು. ಉಪ್ಪಿಲ್ಲದ ಮೀನು ಮೀನೇ ಅಲ್ಲ. ಅಂಗಡಿಯಲ್ಲಿ ಹಲೂಮಿ ಎಂಬ ಬಿಳಿ ಚೀಸಿನ ಗಟ್ಟಿ ಇತ್ತು. ಕಾವಲಿಯ ಮೇಲೂ ಕರಗದ ಪನೀರು ಎಂದುಕೊಂಡೆ; ಪನೀರಿಗೆ ಉಪ್ಪೆಲ್ಲಿರುತ್ತದೆ? ಎಂಟು ತುಂಡು ಮಾಡಿ, ಮೆಣಸಿನ ಪುಡಿ, ಅರಶಿನ, ಹುಣಸೆ ಹುಳಿ ಹಚ್ಚಿ, ಬಂಗುಡೆಯ ಹಾಗೆ ಎರಡೂ ಬದಿ ಕೆಂಪಗೆ ಕಾಯಿಸಿದೆ. ರುಚಿ ನೋಡಲಿಲ್ಲ. ಬಡಿಸುವ ಮೊದಲು ನಾಲಿಗೆಗೆ ತಾಗಿಸಿದರೆ ಎಂಜಲು ಎಂದು ಅಮ್ಮ ಕಲಿಸಿದ್ದು ನನ್ನ ಜತೆ ಮಸ್ಕತ್ತಿಗೂ ಬಂದಿತ್ತು.

ಸುಧಾಕರಣ್ಣ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಹೇಗಿದೆ ಅಣ್ಣ?"

"ಮಾತಾಡಿಸ್ಬೇಡ."

ಏಳು ಮುಗಿಸಿ ಎಂಟನೆಯದನ್ನು ನನ್ನ ತಟ್ಟೆಗೆ ಹಾಕಿದರು. ಕಚ್ಚಿದೆ. ಉಪ್ಪಿನಕಾಯಿ ಭರಣಿಯೊಳಗೆ ತಲೆಕೆಳಗಾಗಿ ಬಿದ್ದಂತಾಯಿತು.

"ಅಣ್ಣ, ಇದು ಪೂರಾ ಉಪ್ಪು! ನಿಮಗೆ ಗೊತ್ತಾಗ್ಲಿಲ್ವಾ?"

"ಮೊದಲ ತುಂಡಿಗೇ ಗೊತ್ತಾಯ್ತು. ಹೇಳಿದ್ರೆ ನೀನು ತಟ್ಟೆ ಎಳ್ಕೊಳ್ತಿದ್ದಿ."

ಮರುದಿನ ನರ್ಸ್ ಮೂರು ಸಲ ಅಳೆದರು. ಮೂರು ಸಲವೂ ಅಂಕಿ ಹಳೆಯ ಜಾಗಕ್ಕೇ ಹತ್ತಿ ಕೂತಿತ್ತು. ಹಲೂಮಿಯೋ, ಹೆದರಿಕೆಯೋ, ಡಾಕ್ಟರು ಹೇಳಲಿಲ್ಲ. ಕಂಪನಿ ಕಾಯಲಿಲ್ಲ, ಅದಕ್ಕೆ ಬೇರೆ ಡ್ರೈವರ್ ಸಿಕ್ಕಿದ. ವಿಮಾನ ನಿಲ್ದಾಣದಲ್ಲಿ ಸುಧಾಕರಣ್ಣ ನನ್ನ ಬೆನ್ನು ತಟ್ಟಿ, "ಖಲಾಸ್. ಬೇಜಾರು ಮಾಡ್ಬೇಡ, ಫ್ರೈ ಲಾಯ್ಕ ಇತ್ತು" ಎಂದರು. ಅದನ್ನೂ ಬರೆದುಕೊಂಡೆ.

ಹಲೂಮಿಯನ್ನು ಮೊದಲು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಬೇಕಂತೆ. ಈಗ ನೆನೆಸುತ್ತೇನೆ. ಒಲೆಯ ಹತ್ತಿರ ನಿಂತೇ ಒಂದು ತುಂಡಿನ ರುಚಿಯನ್ನೂ ನೋಡುತ್ತೇನೆ. ಎಂಜಲಾಗುವುದಕ್ಕೆ ಎದುರಿಗೆ ಇನ್ನೊಂದು ತಟ್ಟೆ ಇಲ್ಲ.