ಕಾಕಾನ ಟೊಂಕ ಮತ್ತು ಚಿಗವ್ವನ ಎಡಗಾಲು

ನಮ್ಮ ಕಾಕಾ ತನ್ನ ಟೊಂಕದ ಬೇನೆಗೆ ಮಾಡಿದಷ್ಟು ಉಪಚಾರವನ್ನು ಬೀಗರಿಗೂ ಮಾಡಿದವನಲ್ಲ. ಬೀಗರು ಬಂದರೆ ಒಂದು ಕಪ್ಪು ಚಹಾ, ಬಹಳವೆಂದರೆ ಒಂದು ತಾಟು ಉಪ್ಪಿಟ್ಟು. ಬೇನೆ ಬಂದಾಗ ಮಾತ್ರ ಬಿಸಿ ಎಣ್ಣೆಯ ಅಭ್ಯಂಜನವೇನು, ಎಕ್ಕೆಯ ಎಲೆಯ ಶಾಖವೇನು, ಬಸ್ಸು ಹತ್ತಿಸಿಕೊಂಡು ಹೋಗಿ ಸವದತ್ತಿ, ರಾಮದುರ್ಗ, ಕಿತ್ತೂರು ತೋರಿಸಿಕೊಂಡು ಬಂದದ್ದೇನು! ಇಷ್ಟು ಸತ್ಕಾರ ಸಿಕ್ಕ ಮೇಲೆ ಯಾವ ಬೇನೆ ತಾನೇ ಮನೆ ಬಿಟ್ಟು ಹೋದೀತು, ನೀವೇ ಹೇಳಿ!

ಕಾಕಾನದು ಬೈಲಹೊಂಗಲದಲ್ಲಿ ಮೋಟರ್ ರಿಪೇರಿ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ಲಿನ ಮೋಟರು ಸುಟ್ಟಿತೆಂದರೆ ವೈಂಡಿಂಗ್ ಮಾಡಿಸಲು ಅವನಲ್ಲಿಗೇ ಬರಬೇಕು. ಮೋಟರು ಚಾಲೂ ಮಾಡಿ, ಕಣ್ಣು ಮುಚ್ಚಿ, ಸಂಗೀತ ಕೇಳುವವನ ಹಾಗೆ ತಲೆ ತೂಗಿ, "ಬೇರಿಂಗ್ ಹೋಗೇತಿ" ಎಂದನೋ, ಮುಗಿಯಿತು, ಬೇರಿಂಗೇ ಹೋಗಿರುತ್ತದೆ. ಆದರೆ ಅವನ ಕುತೂಹಲಕ್ಕೆ ಅಂಗಡಿಯ ಗೋಡೆ ಸಾಲದು. ಮದುವೆಮನೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವನು ಹಂದರದ ಹಿಂದೆ ಜನರೇಟರಿಗೆ ಕಿವಿಗೊಟ್ಟು ನಿಂತಿರುತ್ತಾನೆ. ಸ್ವಂತ ಮಗಳ ಮದುವೆಯಲ್ಲೂ ಅಲ್ಲಿಯೇ ಇದ್ದ!

ಇಂಥವನು ಒಂದು ದಿನ ದೊಡ್ಡ ಮೋಟರೊಂದನ್ನು ಎತ್ತಲು ಹೋಗಿ "ಅಯ್ಯೋ ಯವ್ವಾ" ಎಂದು ಅಲ್ಲೇ ಕುಸಿದ. ಓಡಿ ಹೋಗಿ ನೋಡಿದರೆ ಮುಖದ ತುಂಬ ಬೆವರು, ಕಣ್ಣಿನ ತುಂಬ ಆಶ್ಚರ್ಯ.

"ತಮ್ಮಾ, ಇದು ಭಾಳ ಮಜಾ ಐತಿ ನೋಡು! ಟೊಂಕದಾಗ ಬಸ್ ಹತ್ತತೈತಿ, ಕುಂಡಿಯೊಳಗ ಒಂದ್ ಸ್ಟಾಪು, ತೊಡಿ ಹಿಂದ ಒಂದ್ ಸ್ಟಾಪು, ಮೀನಗಂಡದಾಗ ಒಂದ್ ಸ್ಟಾಪು, ಸೀದಾ ಹಿಮ್ಮಡದಾಗ ಇಳೀತೈತಿ. ಒಂದs ಕಾಲಿಗೆ! ಇನ್ನೊಂದು ಕಾಲಿಗೆ ಸರ್ವಿಸ್ಸs ಇಲ್ಲ!"

ಬೆಳಗಾವಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ ತಿಳಿಸಿ ಹೇಳಿದರು. ಬೆನ್ನುಮೂಳೆಯ ನಡುವಿನ ಮೆತ್ತೆ ಹೊರಗೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ, ಸಯಾಟಿಕಾ. ಗುಳಿಗೆ ತಗೊಳ್ಳಿ, ಭಾರ ಎತ್ತಬೇಡಿ, ದಿನಾ ಸ್ವಲ್ಪ ಅಡ್ಡಾಡಿ, ವ್ಯಾಯಾಮ ಮಾಡಿ. ಬಹಳ ಮಂದಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ. ಒಂದೂವರೆ ತಿಂಗಳು ಬಿಟ್ಟು ಬನ್ನಿ. ನಡುವೆ ಕಾಲ ಹೆಬ್ಬೆರಳು ಎತ್ತಲು ಬರದಂತಾದರೆ ಮಾತ್ರ ತಡಮಾಡದೆ ಓಡಿ ಬನ್ನಿ, ಆಗ ಆಪರೇಷನ್ನಿನ ಮಾತಾಡೋಣ.

ಇಷ್ಟುದ್ದದ ಮಾತಿನಲ್ಲಿ ಕಾಕಾನ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಆಪರೇಷನ್!

ಹೊರಗೆ ಬಂದವನೇ ನನ್ನ ಕೈ ಹಿಡಿದುಕೊಂಡ. "ಲೇ, ನಾ ಎಷ್ಟ್ ಮೋಟರ್ ಬಿಚ್ಚೇನಿ ನಿನಗ ಗೊತ್ತೈತಿ. ಹೊರಗ ಯಾರಿಗೂ ಹೇಳಬ್ಯಾಡ, ಎಲ್ಲಾ ಕೂಡಿಸಿದ ಮ್ಯಾಲ ಒಂದರ ನಟ್ ಉಳದs ಉಳೀತೈತಿ. ನನ್ನ ಬೆನ್ನಾಗಿನ ನಟ್ ಆ ಡಾಕ್ಟರ್ ಟೇಬಲ್ ಮ್ಯಾಲ ಉಳದ್ರ?"

ನಗುತ್ತಲೇ ಹೇಳಿದ. ಆದರೆ ಬಸ್ಸು ಹತ್ತುವವರೆಗೂ ನನ್ನ ಕೈ ಬಿಡಲಿಲ್ಲ.

ಇಲ್ಲಿ ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ವಿಷಯ ಹೇಳಲೇಬೇಕು. ಚಿಗವ್ವ ಹುಟ್ಟುವಾಗ ಎಲ್ಲರ ಹಾಗೆ ತಲೆ ಮುಂದೆ ಮಾಡಿ ಬಂದವಳಲ್ಲ, ಕಾಲು ಮುಂದೆ ಮಾಡಿ ಬಂದವಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಬೆನ್ನಿನ ಚಳಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಹೀಗಾಗಿ ಬೆಳಗಾದರೆ ಮನೆಯ ಕಟ್ಟೆಯ ಮೇಲೆ ಯಾರಾದರೊಬ್ಬರು ಬೋರಲು ಬಿದ್ದಿರುತ್ತಾರೆ. ಚಿಗವ್ವ ಬಂದು ಎಡಗಾಲಿನಿಂದ ಬೆನ್ನ ಮೇಲೆ ಮೆಲ್ಲಗೆ ಒತ್ತುತ್ತಾಳೆ. ಮಲಗಿದವರು ಹಿರಿಯರಾಗಿದ್ದರೆ ಆಮೇಲೆ ಅವರ ಕಾಲಿಗೆ ನಮಸ್ಕಾರ ಮಾಡುತ್ತಾಳೆ. ಅವರು ಎದ್ದು, ಚಹಾ ಕುಡಿದು, ನೆಟ್ಟಗೆ ನಡೆದುಕೊಂಡು ಹೋಗುತ್ತಾರೆ.

ಕಾಕಾ ಇದನ್ನು ನಂಬಿದವನಲ್ಲ. ಹಿಂದೊಮ್ಮೆ ಅವಳು ಅಕ್ಕಿ ಆರಿಸುತ್ತ ಕಾಲು ಚಾಚಿ ಕುಳಿತಾಗ, ಕರೆಂಟು ನೋಡುವ ಟೆಸ್ಟರನ್ನು ಅವಳ ಎಡಗಾಲಿನ ಹೆಬ್ಬೆರಳಿಗೆ ಹಚ್ಚಿ ನೋಡಿದ್ದ. ದೀಪ ಹತ್ತಲಿಲ್ಲ.

"ಏನೂ ಇಲ್ಲ ಇದರಾಗ."

"ಒಮ್ಮೆ ನಿಮ್ಮ ತಲೀಗೆ ಹಚ್ಚಿ ನೋಡ್ರಿ," ಎಂದಳು ಚಿಗವ್ವ, ಅಕ್ಕಿಯಿಂದ ಕಣ್ಣೆತ್ತದೆ, "ಅಲ್ಲೂ ಹತ್ತಂಗಿಲ್ಲ."

ಈಗ ಮನೆಯ ಯಜಮಾನನೇ ಟೊಂಕ ಹಿಡಿದು ಮಲಗಿದ್ದಾನೆ. ಸಂಪಗಾವಿಯಿಂದ ಬಂದ ರೈತನೊಬ್ಬ ಚಿಗವ್ವನ ಕಾಲು ಹಚ್ಚಿಸಿಕೊಂಡು ಎದ್ದವನು, ಕಿಟಕಿಯೊಳಗೆ ಇಣುಕಿ, "ಮನ್ಯಾಗs ದವಾಖಾನಿ ಇಟಗೊಂಡು ಹಿಂಗ ನರಳತೀರಲ್ರೀ ಸಾವ್ಕಾರ್ರ!" ಎಂದು ನಗೆಯಾಡಿದ. ಚಿಗವ್ವನ ಮುಖ ಕೆಂಪಾಯಿತು. "ಗಂಡನ ಮೈಗೆ ನಾ ಕಾಲ್ ಹಚ್ಚಲಾ? ಏಳೇಳು ಜನ್ಮಕ್ಕೂ ಆಗಂಗಿಲ್ಲ ಬಿಡ್ರಿ." ಒಳಗಿನಿಂದ ಕಾಕಾ, "ನಾ ಏನ್ ಹಚ್ಚು ಅಂತ ಕೇಳೇನೇನು?" ಎಂದು ಗುಡುಗಿದ. ಅವಳು ಕಾಲು ಕೊಡುವವಳಲ್ಲ, ಇವನು ಬಾಯಿಬಿಟ್ಟು ಕೇಳುವವನಲ್ಲ. ಹೀಗೆ ಶುರುವಾಯಿತು ನಮ್ಮ ತಾಲ್ಲೂಕು ಪ್ರವಾಸ.

ಮೊದಲು ಸವದತ್ತಿ. ಕುಳಿತರೆ ಬೇನೆ ಹೆಚ್ಚು, ಆದ್ದರಿಂದ ಕಾಕಾ ಬಸ್ಸಿನಲ್ಲಿ ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತ.

"ಸೀಟ್ ಖಾಲಿ ಅದಾವ, ಕುಂತ್ರಿ ಯಜಮಾನ್ರ," ಎಂದ ಕಂಡಕ್ಟರ್.

"ಕುಂತ್ರ ನೋಯ್ತೈತಿ."

"ಮತ್ತ ಒಂದ್ ಕಾಲ್ ಯಾಕ ಎತ್ತೀರಿ?"

"ನಿಂತ್ರೂ ನೋಯ್ತೈತಿ!"

ಸವದತ್ತಿಯಲ್ಲಿ ಹಿಜಾಮಾ ಮಾಡುವ ಚಾಚಾ ಒಬ್ಬರಿದ್ದರು. ಬೆನ್ನಿಗೆ ಗಾಜಿನ ಕಪ್ಪುಗಳನ್ನು ಮಗುಚಿ ಹಾಕಿ ಗಾಳಿ ಎಳೆಯುತ್ತಾರೆ, ಚರ್ಮ ಬನ್ನಿನಂತೆ ಉಬ್ಬುತ್ತದೆ. ಕಾಕಾನಿಗೆ ಬೇನೆಯೇ ಮರೆತುಹೋಯಿತು! "ಚಾಚಾ, ಇದು ನಮ್ಮ ಸಕ್ಷನ್ ಪಂಪs! ಇದಕ ಫುಟ್‌ವಾಲ್ವ್ ಎಲ್ಲೈತಿ? ಹವಾ ವಾಪಸ್ ಬರಂಗಿಲ್ಲೇನು? ಎಷ್ಟ್ ಎಳೀತೈತಿ?" ಚಾಚಾ ಎಷ್ಟು ಹೊತ್ತು ತಾನೇ ತಡೆದಾರು! ಒಂದು ಕಪ್ಪು ಎತ್ತಿ ಹಿಡಿದು ಶಾಂತವಾಗಿ ಹೇಳಿದರು: "ಸಾವ್ಕಾರ್ರ, ಇದೊಂದ್ ಬಾಯಿಗೆ ಹಾಕ್ಲೇನ್ರಿ? ಹವಾ ಎಲ್ಲಾ ಅಲ್ಲೇ ಭಾಳ ಐತಿ."

ಮನೆಗೆ ಬಂದಾಗ ಬೆನ್ನಿನ ತುಂಬ ಕೆಂಪು ದುಂಡು ಗುರುತು. ಚಿಗವ್ವ ನೋಡಿ, "ನಿಮ್ಮ ಬೆನ್ನ ಮ್ಯಾಲ ಯಾರ್ ಚಾದ ಕಪ್ ಇಟ್ಟು ಎದ್ದ್ ಹೋದ್ರು?" ಎಂದಳು. ಆದರೆ ಅಂದು ಕಾಕಾ ಸುಖವಾಗಿ ನಿದ್ದೆ ಮಾಡಿದನೆಂಬುದೂ ಖರೆ. ಮರುದಿನ ಬಸ್ಸು ಮತ್ತೆ ಟೊಂಕದಿಂದ ಹೊರಟಿತು.

ಆಮೇಲೆ ರಾಮದುರ್ಗ. ಅಲ್ಲಿನ ಆಯುರ್ವೇದದ ಡಾಕ್ಟರಮ್ಮ ಉದ್ದಿನ ಹಿಟ್ಟು ಕಲಸಿ, ಟೊಂಕದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ಎಣ್ಣೆ ನಿಲ್ಲಿಸಿದರು. ಕಟಿಬಸ್ತಿ ಎನ್ನುತ್ತಾರೆ. ಕಾಕಾ ಮಲಗಿದಲ್ಲಿಂದಲೇ ಕೂಗಿದ: "ತಮ್ಮಾ, ಉದ್ದಿನ ಹಿಟ್ಟಿನ ಗ್ಯಾಸ್ಕೆಟ್! ಒಂದ್ ಹನಿ ಸೋರವಲ್ದು!"

ಇಷ್ಟಕ್ಕೇ ನಿಂತಿದ್ದರೆ ಅವನು ಕಾಕಾ ಹೇಗಾದಾನು? ಪ್ರತಿಸಲ ರಾಮದುರ್ಗಕ್ಕೆ ಯಾಕೆ ಹೋಗಬೇಕು, ಇಷ್ಟೇ ತಾನೆ ಎಂದು, ಒಂದು ಮಧ್ಯಾಹ್ನ ಅಂಗಡಿಯಲ್ಲೇ ಪ್ರಯೋಗಕ್ಕಿಳಿದ. ಉದ್ದಿನ ಹಿಟ್ಟು ಕೈಗೆ ಸಿಗಲಿಲ್ಲ. ಸಿಕ್ಕದ್ದು ಪೈಪು ಸೋರಿದರೆ ಮೆತ್ತುವ, ಎರಡು ಬಣ್ಣದ್ದನ್ನು ಕೂಡಿಸಿ ನಾದುವ ಮೇಣ! ನೀರನ್ನೇ ತಡೆಯುವುದು ಎಣ್ಣೆಯನ್ನು ತಡೆಯದೇ? ಕನ್ನಡಿ ಹಿಡಿದು ತಾನೇ ಟೊಂಕಕ್ಕೆ ಮೆತ್ತಿಕೊಂಡ. ಎಣ್ಣೆಯೇನೋ ಸೋರಲಿಲ್ಲ. ಆದರೆ ಮೇಣ ಕಲ್ಲಾಯಿತು!

ನಾನು ಹೋಗುವಷ್ಟರಲ್ಲಿ ಕಾಕಾ ಮನೆಯ ಪಡಸಾಲೆಯಲ್ಲಿ ಬೋರಲು ಬಿದ್ದಿದ್ದ. ಚಿಗವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ, ಚಮಚದ ತುದಿಯಿಂದ ಚೂರು ಚೂರಾಗಿ ಎಬ್ಬಿಸುತ್ತಿದ್ದಳು. ಪ್ರತಿ ಚೂರಿನ ಜೊತೆ ನಾಲ್ಕು ಕೂದಲು, ಪ್ರತಿ ಕೂದಲಿಗೆ ಒಂದು "ಯವ್ವಾ!"

"ಸಿಮಿಟಿ ಹಾಕಿಸ್ಕೋಬೇಕಿತ್ತಿಲ್ರಿ, ಗಚ್ಚು ಮಾಡಿಸಿದಂಗ ಆಗ್ತಿತ್ತು," ಎಂದು ಬೈಯುತ್ತಿದ್ದವಳು, ಮೇಣ ಕಿತ್ತು ಬಂದಲ್ಲೆಲ್ಲ ಬಾಯಿಂದ ಉಫ್ ಉಫ್ ಎಂದು ಊದುತ್ತಿದ್ದಳು.

ಕೊನೆಗೆ ಕಿತ್ತೂರು. ಕೋಟೆಯ ಕಡೆ ಹೋಗುವ ದಾರಿಯಲ್ಲಿ ಯೋಗ ಕಲಿಸುವ ಮಾಸ್ತರರೊಬ್ಬರಿದ್ದರು. ಬೆಳಗಾವಿಯ ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಕೊಂಡು, "ಮುಂಜಾನೆದ್ದು ಚಾಪಿ ಮ್ಯಾಲ ಬೋರಲ ಮಕ್ಕೋರಿ. ಆರಾಮ ಅನಿಸಿದ್ರ ಎದಿ ಸ್ವಲ್ಪ ಎತ್ರಿ, ಹಾವು ಹೆಡಿ ಎತ್ತಿದಂಗ. ನೋವಾದ್ರ ಬಿಡ್ರಿ. ಮತ್ತ ಸುಮ್ಮನ ಮಕ್ಕೋರಿ," ಎಂದರು.

"ಆಮ್ಯಾಲ?"

"ಆಮ್ಯಾಲ ಏನಿಲ್ರಿ, ಸುಮ್ಮನ ಮಕ್ಕೋರಿ."

"ಮಶೀನು? ಎಣ್ಣಿ? ಸೂಜಿ?"

"ಸುಮ್ಮನ್ರಿ!"

ಕಾಕಾನಿಗೆ ಬಹಳ ನಿರಾಸೆಯಾಯಿತು. ಬಿಚ್ಚಲು ಏನೂ ಇಲ್ಲದ ಚಿಕಿತ್ಸೆಯೂ ಒಂದು ಚಿಕಿತ್ಸೆಯೇ! ಆದರೂ ಮರುದಿನದಿಂದ ಬಿಡದೆ ಮಾಡಿದ. ಯಾಕೆಂದರೆ ಒಂದೂವರೆ ತಿಂಗಳು ಮುಗಿಯುತ್ತ ಬಂದಿತ್ತು.

ಬೆಳಗಾವಿಗೆ ಹೋಗುವ ದಿನ ಹತ್ತಿರವಾದಂತೆ ಕಾಕಾನ ಪ್ರಶ್ನೆಗಳು ಕಡಿಮೆಯಾದವು. ನಡೆಯುತ್ತಿದ್ದ, ಆದರೆ ಒಂದು ಮಗ್ಗುಲಿಗೆ ವಾಲಿ. ಹೊತ್ತಿಗೊಮ್ಮೆ ಕಾಲು ಚಾಚಿ ಹೆಬ್ಬೆರಳು ಎತ್ತಿ ನೋಡಿಕೊಳ್ಳುತ್ತಿದ್ದ. "ಏಳತೈತಿ ಅಲ್ಲೋ?" "ಏಳತೈತಿ ಕಾಕಾ." ಸ್ವಲ್ಪ ಹೊತ್ತಿಗೆ ಮತ್ತೆ, "ಏಳತೈತಿ ಅಲ್ಲೋ?" ಚಿಗವ್ವ ಬಾಗಿಲಲ್ಲಿ ನಿಂತು ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಬೈಗಳು ಒಂದೂ ಬರಲಿಲ್ಲ. ಚಿಗವ್ವ ಬೈಯುವುದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿರುವುದಿಲ್ಲ.

ಬೆಳಗಾವಿಗೆ ಹೊರಡುವ ಹಿಂದಿನ ದಿನ ಮುಂಜಾನೆ ನಾನು ಗಾಡಿಯ ವಿಷಯ ಮಾತಾಡಲು ಹೋದೆ. ಪಡಸಾಲೆಯ ಚಾಪೆಯ ಮೇಲೆ ಕಾಕಾ ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದ. ಕರೆಯಬೇಕೆನ್ನುವಷ್ಟರಲ್ಲಿ ಚಿಗವ್ವ ದೇವರ ಕೋಣೆಯಿಂದ ಬಂದಳು. ಹೊಸ್ತಿಲಾಚೆ ನಿಂತ ನನ್ನನ್ನು ನೋಡಲಿಲ್ಲ. ಗಂಡನ ಕಾಲ ಬಳಿ ಕುಳಿತು, ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಪ್ಪಾತ್ರಿ, ತಪ್ಪಾತ್ರಿ," ಎಂದು ಪಿಸುಗುಟ್ಟಿದಳು. ಎದ್ದು, ಎಡಗಾಲನ್ನು ಸೆರಗಿನಿಂದ ಒರೆಸಿಕೊಂಡು, ಗೋಡೆ ಹಿಡಿದು, ಅವನ ಟೊಂಕದ ಮೇಲೆ ಇಟ್ಟಳು. ಇಟ್ಟಳೆನ್ನಲೇ? ಒಂದು ದಾಸವಾಳದ ಹೂವು ಬಿದ್ದಿದ್ದರೂ ಅದಕ್ಕಿಂತ ಭಾರವಾಗುತ್ತಿತ್ತು.

"ಎಲ್ಲವ್ವ ತಾಯಿ, ಇವರ ಬ್ಯಾನಿ ನನ್ನ ಕಾಲಿಗೆ ಬರಲಿ."

ನಾನು ಸದ್ದಿಲ್ಲದೆ ಅಂಗಳಕ್ಕೆ ಇಳಿದು ಹೋದೆ.

ಬೆಳಗಾವಿಯ ಡಾಕ್ಟರು ಕಾಲೆತ್ತಿಸಿದರು, ಹೆಬ್ಬೆರಳು ಎತ್ತಿಸಿದರು, ಹಿಮ್ಮಡದ ಮೇಲೆ ನಡೆಸಿದರು. ನರ ಸುಧಾರಿಸುತ್ತಿದೆ, ಆಪರೇಷನ್ ಬೇಡ, ವ್ಯಾಯಾಮ ಬಿಡಬೇಡಿ ಎಂದರು. ಕಾಕಾ ಹೊರಗೆ ಬಂದವನೇ ಆಸ್ಪತ್ರೆಯ ಜನರೇಟರ್ ಎಲ್ಲಿದೆ ಎಂದು ಕೇಳಿದ. ನನಗೆ ಸಮಾಧಾನವಾಯಿತು. ನಮ್ಮ ಕಾಕಾ ವಾಪಸ್ಸು ಬಂದಿದ್ದ!

ಗುಣವಾದದ್ದು ಯಾವುದರಿಂದ? ಕಪ್ಪಿನಿಂದ ಎನ್ನುತ್ತಾರೆ ಸವದತ್ತಿಯ ಚಾಚಾ. ಎಣ್ಣೆಯಿಂದ ಎನ್ನುತ್ತಾರೆ ರಾಮದುರ್ಗದ ಡಾಕ್ಟರಮ್ಮ. ಬೆಳಗಾವಿಯ ಡಾಕ್ಟರು, ತಾಳ್ಮೆಯಿಂದ ಇದ್ದರೆ ಬಹಳ ಮಂದಿಗೆ ಹೀಗೇ ಆಗುತ್ತದೆ ಎನ್ನುತ್ತಾರೆ. ಎಲ್ಲವನ್ನೂ ಬಿಚ್ಚಿ ನೋಡುವ ಕಾಕಾನನ್ನೇ ಒಂದು ದಿನ ಅಂಗಡಿಯಲ್ಲಿ ಕೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟ.

"ಅವತ್ತು ನೀ ಹೊಸ್ತಿಲಾಚೆ ನಿಂತಿದ್ದಿ ಅಲ್ಲೋ?"

"ನಿನಗ ನಿದ್ದಿ ಹತ್ತಿತ್ತಲ್ಲ ಕಾಕಾ?"

"ಲೇ, ಲಗ್ನ ಆದಾಗಿಂದ ಆಕಿ ಕಾಲುಂಗರದ ಸಪ್ಪಳ ಕೇಳಕೋತ ಬಂದೇನಿ. ಪರಸಿ ಕಲ್ಲಿನ ನೆಲದ ಮ್ಯಾಲ ಟಣ್ ಟಣ್ ಅಂತಿರತೈತಿ. ಆ ವಾರ ಮುಂಜಾನಿ ಹೊತ್ತು ಒಮ್ಮಿಂದೊಮ್ಮೆಲೆ ಆ ಸಪ್ಪಳs ಇಲ್ಲ! ಸಪ್ಪಳ ಮಾಡೂ ಮೋಟರು ಸುಮ್ಮನಾತಂದ್ರ ಏನೋ ನಡದೈತಿ ಅಂತನs ಅರ್ಥ. ಒಂದ್ ಕಣ್ಣ್ ತಗದ್ ನೋಡಿದೆ. ನನಗ ಎಚ್ಚರ ಆಗಬಾರದಂತ ಕಾಲುಂಗರಕ್ಕ ದಾರ ಸುತ್ತಿದ್ಲು."

"ಮತ್ತ ಏನೂ ಕೇಳಲಿಲ್ಲೇನು ಆಕೀನ್ನ?"

"ಕೇಳಿದ್ರ ಕಾಲ್ ಇಡೂದs ನಿಂದಿರಸತಾಳಲ್ಲೋ!" ಎಂದು ಸ್ಪ್ಯಾನರ್ ಎತ್ತಿಕೊಂಡ.

ಮೊನ್ನೆ ಮುಂಜಾನೆ ಅತ್ತ ಹೋಗಿದ್ದೆ. ಕಾಕಾನ ಬೇನೆ ಹೋಗಿ ಎಷ್ಟೋ ದಿನಗಳಾಗಿವೆ. ಪಡಸಾಲೆಯ ಚಾಪೆಯ ಮೇಲೆ ಅವನು ಬೋರಲು ಮಲಗಿದ್ದ. ಒಳಗಿನಿಂದ ಚಿಗವ್ವ ಹೆಜ್ಜೆ ಸಪ್ಪಳವಿಲ್ಲದೆ ಬಂದಳು. ಕಾಲುಂಗುರಕ್ಕೆ ಬಿಳಿ ದಾರ. ನನ್ನನ್ನು ಕಂಡವಳು ನಾಚಿ, ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಳು. ಇವರಿಗೆ ಎಚ್ಚರವಾದೀತು ಎಂದು ಕಣ್ಣಲ್ಲೇ ಹೇಳಿದಳು.

ಕಾಕಾನ ಗೊರಕೆ ಇನ್ನಷ್ಟು ಜೋರಾಯಿತು.