ಭಾವನ ಸಿಗಾರು, ನನ್ನ ನಾಲಗೆ

ನನ್ನ ಭಾವನಷ್ಟು ಶ್ರದ್ಧೆಯಿಂದ ಸಿಗಾರ್ ಸೇದುವವರು ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ವಿಶೇಷ ಇಷ್ಟೇ, ಅವರು ಸೇದುವುದು ನನ್ನ ಬಾಯಿಯಿಂದ!

ಇದು ಉತ್ಪ್ರೇಕ್ಷೆಯಲ್ಲ. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಲೇ ನಿವೃತ್ತನಾದವನು ನಾನು. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳುವ ಅಭ್ಯಾಸ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಬಕದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಅವರ ತಮ್ಮ ಹಡಗಿನಲ್ಲಿ ಅಡುಗೆಯವನು. ಬೇರೆಯವರ ತಮ್ಮಂದಿರು ಊರಿಗೆ ಬರುವಾಗ ಸೆಂಟು, ಚಾಕೊಲೇಟು ತರುತ್ತಾರೆ. ಈತ ಮುಟ್ಟಿದ ಬಂದರುಗಳಿಂದೆಲ್ಲ ಸಿಗಾರ್ ತರುತ್ತಾನೆ, ಅದೂ ಬಹಳ ಒಳ್ಳೆಯ ಜಾತಿಯದ್ದು. ಭಾನುವಾರ ಮಧ್ಯಾಹ್ನ ಊಟದ ಮೇಲೆ ಭಾವ ಒಂದನ್ನು ಆರಿಸಿ, ಮೂಸಿ, ಕಣ್ಣು ಮುಚ್ಚಿ, ಪೂಜೆಗೆ ಕೂತವರ ಹಾಗೆ ಕೂತು ಸೇದುತ್ತಿದ್ದರು. ಕಳೆದ ವರ್ಷ ಹೃದಯ ತಕರಾರು ತೆಗೆಯಿತು. ಆಪರೇಶನ್ ಆಯಿತು. ಇನ್ನು ಹೊಗೆ ಹತ್ತಿರವೂ ಸುಳಿಯಬಾರದು ಎಂದರು ಡಾಕ್ಟರು. ಅದನ್ನೇ ಅಕ್ಕ ಇಡೀ ಮನೆಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು.

ಭಾವ ಒಪ್ಪಿದರು. "ಸೇದುದಿಲ್ಲ. ಆದರೆ ರುಚಿ ತಿಳ್ಕೊಳ್ಳುದಕ್ಕೆ ಎಂತ ತೊಂದರೆ?" ಎಂದು ನನ್ನ ಮುಖ ನೋಡಿದರು. ಆ ದಿನ ನಾನು ಅಲ್ಲಿಗೆ ಕಾಫಿ ಕುಡಿಯಲಿಕ್ಕೆ ಯಾಕಾದರೂ ಹೋದೆನೋ!

ಸಿಗಾರುಗಳ ವಾಸ ಉಪ್ಪಿನಕಾಯಿಯ ಹಳೆ ಭರಣಿಯಲ್ಲಿ. ಅವು ಒಣಗಲೂ ಬಾರದಂತೆ, ಒದ್ದೆಯಾಗಲೂ ಬಾರದಂತೆ. ಒಳಗಿನ ತೇವ ಅಳೆಯಲು ಹೊರದೇಶದಲ್ಲಿ ಯಂತ್ರ ಉಂಟಂತೆ. ಭಾವನ ಯಂತ್ರ ಒಂದು ಕರಿದ ಹಲಸಿನ ಹಪ್ಪಳ. ಅದನ್ನು ಭರಣಿಯೊಳಗಿಟ್ಟು ದಿನಾ ಬೆಳಿಗ್ಗೆ ಬಗ್ಗಿಸಿ ನೋಡುವುದು. ಗರಿಗರಿಯಾಗಿದ್ದರೆ ಒಂದು ತುಂಡು ಒದ್ದೆ ತೆಂಗಿನ ಸಿಪ್ಪೆ ಒಳಗೆ. ಮೆತ್ತಗಾಗಿದ್ದರೆ ಮುಚ್ಚಳ ಹೊರಗೆ. ಇದು ಗೊತ್ತಿಲ್ಲದೆ ಒಂದು ಭಾನುವಾರ ನಾನು ಆ ಹಪ್ಪಳವನ್ನು ತಿಂದುಬಿಟ್ಟೆ.

"ಮೀಟರ್ ತಿಂದೆಯಾ ಮಾರಾಯ!" ಭಾವ ತಲೆಗೆ ಕೈ ಇಟ್ಟರು.

"ಗೊತ್ತಾಗಲಿಲ್ಲ ಭಾವ. ಮೆತ್ತಗೆ ಬೇರೆ ಇತ್ತು."

"ಮೆತ್ತಗಿತ್ತಾ? ಹಾಗಾದ್ರೆ ಮುಚ್ಚಳ ತೆಗೆ, ಬೇಗ ತೆಗೆ!"

ಇನ್ನು ವಿಚಾರಣೆಯ ಕ್ರಮ. ಅಂಗಳದಲ್ಲಿ ಜೀಗುಜ್ಜೆ ಮರದ ಅಡಿಗೆ ನನ್ನ ಕುರ್ಚಿ. ಪಕ್ಕದಲ್ಲಿ ನೀರು ತುಂಬಿದ ಬಾಲ್ದಿ. ಭಾವ ಮನೆಯೊಳಗೆ, ಕಿಟಕಿಯ ಸರಳಿಗೆ ಮೂಗು ತಾಗಿಸಿಕೊಂಡು. ಬಟ್ಟೆ ಹಗ್ಗದಲ್ಲಿ ಒಂದು ಬೈರಾಸು ನೇತಾಡುತ್ತಿರುತ್ತದೆ, ಮೈ ಒರೆಸಲಿಕ್ಕಲ್ಲ, ಗಾಳಿ ನೋಡಲಿಕ್ಕೆ. ಅದು ಮನೆಯ ಕಡೆಗೆ ಹಾರಿತೋ, ಅಕ್ಕ ಬಂದು ದಢಾರನೆ ಕಿಟಕಿ ಮುಚ್ಚುತ್ತಾಳೆ. ಕಲಾಪ ಮುಂದಕ್ಕೆ! ಒಮ್ಮೆ ಭಾವನ ಪ್ರಶ್ನೆ ಅರ್ಧ ಹೊರಗೆ, ಅರ್ಧ ಒಳಗೆ ಉಳಿಯಿತು.

ಅಡಕತ್ತರಿಯಿಂದ ತುದಿ ಕತ್ತರಿಸಿ ಕ್ಯೂಬಾದ್ದೊಂದು, ನಿಕರಾಗುವಾದ್ದೊಂದು ಹಚ್ಚಿಕೊಂಡು ನಾನು ಕೂತರೆ ಶುರು.

"ಕ್ಯೂಬಾದ್ದು ಹೇಗುಂಟು?"

"ಹೊಗೆ ಉಂಟು."

"ಅದು ನನಗೂ ಕಾಣ್ತದೆ. ರುಚಿ ಎಂತದು?"

"ಬಚ್ಚಲೊಲೆಗೆ ಹಸಿ ತೆಂಗಿನ ಮಡಲು ತುರುಕಿದ ಹಾಗೆ."

"ಇನ್ನೊಂದು?"

"ಒಣ ಮಡಲು."

"ಕೊನೆಗೆ ಚರ್ಮದ ರುಚಿ ಬರ್ತದೆ ಅಂತ ತಮ್ಮ ಹೇಳಿದ್ದಾನೆ. ಬಂತಾ?"

"ನಾನೆಂತ ಚಪ್ಪಲಿ ತಿಂದವನಾ ಭಾವ?"

ಒಳಗಿನಿಂದ ಅಕ್ಕ: "ಹೀಗೇ ಸೇದಿಸಿದ್ರೆ ಇನ್ನು ಸ್ವಲ್ಪ ದಿನದಲ್ಲಿ ಅದನ್ನೂ ತಿಂತಾನೆ!"

ಮೊನ್ನೆಯ ಭಾನುವಾರ ಮಾತ್ರ ನಗುವ ಹಾಗಿರಲಿಲ್ಲ. ಹೊಗೆ ಬಾಯಲ್ಲಿ ಇಟ್ಟುಕೊಳ್ಳುವುದು ಬಿಟ್ಟು ನುಂಗಿದೆ. ಅಂಗಳ ಮೇಲಾಯಿತು, ಜೀಗುಜ್ಜೆ ಮರ ಕೆಳಗಾಯಿತು. ಸಿಗಾರನ್ನು ಕುರ್ಚಿಯ ಕೈ ಮೇಲೆ ಇಟ್ಟು, ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ತಿರುಗಿ ಬರುವಾಗ ಕಿಟಕಿಯಲ್ಲಿ ಭಾವ ಇಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಭಾವ ಕುರ್ಚಿಯ ಹತ್ತಿರ ನಿಂತಿದ್ದರು. ಸಿಗಾರ್ ಅವರ ಕೈಯಲ್ಲಿತ್ತು. ಕೆಂಡ ಆರಿರಲಿಲ್ಲ. ಅವರ ತುಟಿಗೂ ಸಿಗಾರಿಗೂ ನಡುವೆ ಒಂದು ಬೆರಳಿನಷ್ಟು ಜಾಗ. ಕಣ್ಣು ಮುಚ್ಚಿತ್ತು. ಬನಿಯನಿನ ಮೇಲಂಚಿನಲ್ಲಿ ಆಪರೇಶನ್ನಿನ ಗಾಯದ ಗೆರೆ ಕಾಣುತ್ತಿತ್ತು.

ಅಕ್ಕ ಮೆಟ್ಟಿಲಲ್ಲಿ ನಿಂತಿದ್ದಳು. ಇಳಿದು ಬಂದು, ಮಗುವಿನ ಕೈಯಿಂದ ಚೂರಿ ತೆಗೆಯುವ ಹಾಗೆ ಮೆಲ್ಲ ಸಿಗಾರ್ ತೆಗೆದುಕೊಂಡಳು.

"ಒಳಗೆ ಹೋಗಿ."

ಭಾವ ಹೋದರು. ಕಿಟಕಿಯ ಹಿಂದೆ ನಿಂತು ಗೊಣಗಿದರು: "ಇವನಿಗೆ ರುಚಿ ಹೇಳ್ಲಿಕ್ಕೆ ಬರುದಿಲ್ಲ. ಮತ್ತೆ ನಾನೆಂತ ಮಾಡುದು?"

ನೋಡಿ, ಕೊನೆಗೆ ತಪ್ಪು ನನ್ನದು!

ಅಕ್ಕ ಒಮ್ಮೆ ಬೈರಾಸನ್ನು ನೋಡಿದಳು. ಅದು ತೋಟದ ಕಡೆಗೆ ಹಾರುತ್ತಿತ್ತು. ಅವಳು ನನ್ನ ಕುರ್ಚಿಯಲ್ಲಿ ಕೂತಳು. ಹುಟ್ಟಿದಂದಿನಿಂದ ಎಲೆ ಅಡಿಕೆಯನ್ನೂ ಬಾಯಿಗೆ ಹಾಕದ ನನ್ನ ಅಕ್ಕ, ಸಿಗಾರನ್ನು ತುಟಿಗಿಟ್ಟು ಎಳೆದಳು! ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

"ಹೇಗುಂಟು?" ಕಿಟಕಿಯಿಂದ ಸಣ್ಣ ಸ್ವರ.

"ನಿಮ್ಮ ಅಂಗಿ," ಎಂದಳು ಅಕ್ಕ.

"ಎಂತ?"

"ಆಪರೇಶನ್ನಿಗೆ ಕರ್ಕೊಂಡು ಹೋಗುವಾಗ ನಿಮ್ಮ ಅಂಗಿ ಬಿಚ್ಚಿಸಿ ನನ್ನ ಕೈಗೆ ಕೊಟ್ರಲ್ಲ. ಬಾಗಿಲು ಹಾಕಿದ್ರು. ನೀವು ಹೊರಗೆ ಬರುವವರೆಗೆ ಅದನ್ನು ಮೂಗಿಗೆ ಹಿಡ್ಕೊಂಡು ಕೂತಿದ್ದೆ. ಇದೇ ವಾಸನೆ." ಸಿಗಾರಿನ ಬೂದಿ ಕೊಡವಿ ಹೇಳಿದಳು, "ಈಗ ಆ ಅಂಗಿಯಲ್ಲಿ ಈ ವಾಸನೆ ಇಲ್ಲ. ಆ ವಾಸನೆ ಬೇಡ ಮಾರಾಯ್ರೆ. ಅಂಗಿಯ ಒಳಗೆ ನೀವು ಇದ್ದೀರಲ್ಲ."

ಸರಳುಗಳ ನಡುವಿನಿಂದ ಭಾವನ ಕೈ ಹೊರಗೆ ಬಂತು. ಸಿಗಾರ್ ಕೇಳಲಿಕ್ಕೆ ಬಂದ ಕೈ ಅಲ್ಲ ಅದು ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ.

ಅಕ್ಕ ಸಿಗಾರನ್ನು ಬಾಲ್ದಿಗೆ ಹಾಕಿದಳು. ಚುಂಯ್ ಎಂದಿತು. ಸೀರೆಗೆ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದಳು. ನಾನು ಜೀಗುಜ್ಜೆ ಮರದ ಕಡೆ ತಿರುಗಿ ಕೂತೆ. ಮುಂದಿನದ್ದನ್ನು ನಾನು ನೋಡಿಲ್ಲ.