ಹಂಡೆಯ ಒಲೆಯ ಏಡಿಗಳು

ನನ್ನ ಮೈದುನನಿಗೆ ಹುಚ್ಚು ಎಂದು ಕಾಣಿಯೂರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಮದರಾಸಿನಲ್ಲಿ ಓದಿದವನಿಗೆ ಹಾಗೆ ಹೇಳಲಾದೀತೇ? 'ಸ್ವಲ್ಪ ಹೆಚ್ಚು ಕಲಿತಿದ್ದಾನೆ' ಎನ್ನುತ್ತಿದ್ದರು, ಅಷ್ಟೆ!

ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅವನ ಸಂಶೋಧನೆ ನಡೆದದ್ದು ತೋಟದಂಚಿನಲ್ಲಿ ಹರಿಯುವ ನಮ್ಮ ತೋಡಿನ ಏಡಿಗಳ ಮೇಲೆ. ತಣ್ಣೀರಿನ ಪ್ರಾಣಿಯನ್ನು ಬೆಚ್ಚಗಿನ ನೀರಿಗೆ ತಂದರೆ ಅದರ ಉಸಿರು, ರಕ್ತ, ಹಸಿವು ಹೇಗೆ ಬದಲಾಗುತ್ತವೆ ಎಂಬುದು ಪ್ರಶ್ನೆ. ಏಡಿಯ ನೀರು ಬಿಸಿಯಾದರೆ ಏನಾಗುತ್ತದೆಂದು ನಮ್ಮ ಮಕ್ಕಳಿಗೂ ಗೊತ್ತು. ಸಾರಾಗುತ್ತದೆ! ಅದಕ್ಕೆ ಸಂಶೋಧನೆ ಯಾಕೆ?

ರಜೆಗೆ ಬಂದವನು ಬಚ್ಚಲಿನ ಹಂಡೆಯ ಒಲೆಯ ಸುತ್ತ ಮಡಕೆಗಳನ್ನಿಟ್ಟು ಏಡಿಗಳನ್ನು ಬಿಟ್ಟ. ದಿನವೂ ಮಡಕೆಗಳನ್ನು ಒಲೆಯ ಕಡೆಗೆ ಒಂದಿಷ್ಟು ಸರಿಸುವುದು, ಥರ್ಮಾಮೀಟರು ಅದ್ದಿ ನೋಡುವುದು. ಮಾವನಿಗೆ ಜ್ವರ ಬಂದಾಗ ಆ ಥರ್ಮಾಮೀಟರು ಕೇಳಿದೆ. "ಸ್ವಲ್ಪ ನಿಲ್ಲಿ ಅತ್ತಿಗೆ, ಏಡಿಯದ್ದು ಮುಗಿಯಲಿ" ಎಂದ. ಅದನ್ನು ಕೇಳಿಸಿಕೊಂಡ ಮಾವ ಥರ್ಮಾಮೀಟರಿಗೆ ಬಾಯಿ ತೆರೆಯಲೇ ಇಲ್ಲ. ಜ್ವರ ತಾನಾಗಿ ಇಳಿಯಿತು.

ಒಂದು ದಿನ ಅವನು ಪುತ್ತೂರಿಗೆ ಹೋಗಿ ಬಂದು ಊಟಕ್ಕೆ ಕೂತ. ಅತ್ತೆ ತೆಂಗಿನಕಾಯಿ ಅರೆದು ಹಾಕಿದ ಏಡಿ ಸಾರು ಬಡಿಸಿದರು. ಏಡಿಯ ದೊಡ್ಡ ಕಾಲಿನ ಮೇಲೆ, ಗುರುತಿಗೆಂದು ಅವನೇ ಗೀರಿದ್ದ ಗೆರೆ!

"ಅಮ್ಮ, ಇದು ನನ್ನ ಮಡಕೆಯದ್ದಲ್ಲವಾ?"

"ಹೌದು. ಬಿಸಿನೀರಲ್ಲಿ ಹಾಕಿ ಒಲೆಯ ಹತ್ರ ಇಟ್ಟಿದ್ದಿಯಲ್ಲ. ನೀನು ಅರ್ಧಕ್ಕೇ ಬಿಟ್ಟದ್ದನ್ನು ನಾನು ಪೂರ್ತಿ ಮಾಡಿದೆ."

"ಇನ್ನು ಸ್ವಲ್ಪ ದಿನ ಬದುಕಿದ್ದರೆ ಒಂದು ತೀರ್ಮಾನ ಸಿಗ್ತಿತ್ತು."

"ಅದು ಆಮೇಲೆ. ಈಗ ಉಪ್ಪು ಸಾಕಾ, ಅದರ ತೀರ್ಮಾನ ಹೇಳು."

ಸಾಕಿತ್ತಂತೆ. ಇನ್ನೊಮ್ಮೆ ಬಡಿಸಿಕೊಂಡ.

ಮರುವರ್ಷದ ರಜೆಯಲ್ಲಿ ಅವನಿಗೆ ಮದುವೆಯಾಯಿತು. ಹುಡುಗಿ ಘಟ್ಟದ ಮೇಲಿನವಳು, ರಾಗಿಮುದ್ದೆ ಉಂಡು ಬೆಳೆದವಳು. ನಮ್ಮ ಕುಚ್ಚಲಕ್ಕಿ ಅನ್ನ ಅವಳ ಗಂಟಲಿನಲ್ಲಿ ಇಳಿಯದು, ನಮ್ಮ ಸೆಕೆಗೆ ನಿದ್ದೆ ಬಾರದು. ತಿಂಗಳಾಗುವುದರೊಳಗೆ ಸೊರಗಿ ಕಡ್ಡಿಯಾದಳು. ಅವಳನ್ನು ಕೆಲವು ದಿನಕ್ಕೆ ಕರೆದೊಯ್ಯಲು ಅಪ್ಪ ಬರುವವರಿದ್ದರು. "ಹೋದರೆ ಮತ್ತೆ ಬರಲ್ಲ ಅಕ್ಕ" ಎಂದು ನನ್ನಲ್ಲಿ ಮೆಲ್ಲಗೆ ಹೇಳಿದಳು. ಹೋಗಿ ಮೈದುನನಿಗೂ ಅತ್ತೆಗೂ ಹೇಳಿಬಿಟ್ಟೆ.

"ಹೆಣ್ಣಾದವಳು ಹೊಂದಿಕೊಳ್ಳಬೇಕು. ನಾವೆಲ್ಲ ಹೊಂದಿಕೊಳ್ಳಲಿಲ್ಲವಾ?" ಎಂದರು ಅತ್ತೆ.

"ಹೊಂದಿಕೊಳ್ಳುದು ಅಷ್ಟು ಸುಲಭ ಅಲ್ಲ ಅಮ್ಮ, ನಾನು ಏಡಿಗಳಲ್ಲಿ ನೋಡಿದ್ದೇನೆ. ತಿಂದದ್ದೆಲ್ಲ ಅದಕ್ಕೇ ಖರ್ಚಾಗ್ತದೆ, ಬೆಳೀಲಿಕ್ಕೆ ಎಂತದೂ ಉಳಿಯುದಿಲ್ಲ. ಏಡಿಗೆ ಬೇರೆ ದಾರಿ ಇಲ್ಲ. ನಮಗೆ ಉಂಟಲ್ಲ. ನಾವು ನೀರನ್ನೇ ಸ್ವಲ್ಪ ಬದಲಾಯಿಸುವ."

ಪುತ್ತೂರಿನಿಂದ ರಾಗಿ ಹಿಟ್ಟು ತಂದು, ತಾನೇ ಒಲೆಯ ಮುಂದೆ ಕೂತು ಮುದ್ದೆ ತಿರುವಿದ. ಆದದ್ದು ಮುದ್ದೆಯಲ್ಲ, ಗೋಡೆಗೆ ಮೆತ್ತುವ ಕೆಸರು! ಅದನ್ನು ಕಂಡು ಹುಡುಗಿ ನಮ್ಮ ಮನೆಯಲ್ಲಿ ಮೊದಲ ಸಲ ನಕ್ಕಳು. ಕೋಲು ಕಸಿದುಕೊಂಡು ಕೂತಳು. ಅವಳು ಮಾಡಿದ ಮುದ್ದೆಯನ್ನು ಅತ್ತೆ ಅಗಿದರು, ಮೈದುನ ನುಂಗಿದ, ಮಾವ ಇಬ್ಬರನ್ನೂ ನೋಡಿ ಕೊನೆಗೆ ನುಂಗುವವರ ಪಕ್ಷ ಸೇರಿದರು. ಕೆಲವು ದಿನಗಳ ಮೇಲೆ ಅವಳ ಅಪ್ಪ ಬಂದರು, ಮಗಳ ಕೈಯ ಮುದ್ದೆ ಉಂಡರು, ಒಬ್ಬರೇ ಹಿಂತಿರುಗಿದರು.

ಆ ಮಧ್ಯಾಹ್ನ ಎಂಜಲೆಲೆ ತೆಗೆಯುತ್ತಿದ್ದೆ. ಮೈದುನ ಬಂದು ನಿಂತ.

"ಅತ್ತಿಗೆ, ಈಶ್ವರಮಂಗಲದಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನಿಮಗೆ ಎಂತ ಕಷ್ಟ ಆಗಿತ್ತು?"

ಆಗಲೇ ನಾನು ಮೂರು ಮಕ್ಕಳ ತಾಯಿ. ಆ ಮಾತನ್ನು ಅಷ್ಟರವರೆಗೆ ಯಾರೂ ಕೇಳಿರಲಿಲ್ಲ. 'ಎಂತದೂ ಇಲ್ಲ' ಎನ್ನಲು ಬಾಯಿ ತೆರೆದೆ. ಅಳು ಬಂತು. ಎಷ್ಟು ಹಿತವಾಗಿತ್ತು ಆ ಅಳು!